ಅರ್ಜಿ ಅಕ್ಕನ ಮೂರನೇ ಅರ್ಜಿ

ಅರ್ಜಿ ಅಕ್ಕನ ಹೊಟ್ಟೆಕಿಚ್ಚಿಗೆ ಒಂದು ಹೊತ್ತು ಗೊತ್ತುಪಡಿಸಿದಂತಿತ್ತು. ಬೆಳಗ್ಗೆ ಹತ್ತೂವರೆ. ಎದುರಿನ ದೊಡ್ಡ ಕಚೇರಿಯ ಗೇಟು ತೆರೆಯುತ್ತಿದ್ದಂತೆ ಜನ ರಸ್ತೆ ದಾಟಿ, ಮೆಟ್ಟಿಲ ಕೆಳಗಿನ ಆ ಸಣ್ಣ ಕೋಣೆಯ ಬಾಗಿಲಲ್ಲಿ ನಿಂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೋಡಿ, ಬಲಕ್ಕೆ ಹೋಗಿ ಕೂರುತ್ತಿದ್ದರು. ಎಡಗಡೆಯ ಮೇಜು ಅಕ್ಕನದು. ಬಲಗಡೆಯದು ಅವಳ ಓರಗಿತ್ತಿ ಚೀಟಿಯಮ್ಮನದು.

ಆ ಕೋಣೆಯಲ್ಲಿ ಅಕ್ಕ ಕೂತು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ನಲ್ಲಿಯಲ್ಲಿ ನೀರು ಬಾರದವರು, ಕಾರ್ಡಿನಲ್ಲಿ ಹೆಸರು ತಪ್ಪಾದವರು, ದಾಖಲೆಯಲ್ಲಿ ಸತ್ತುಹೋಗಿ ಮನೆಯಲ್ಲಿ ಗಟ್ಟಿಮುಟ್ಟಾಗಿ ಇರುವವರು, ಎಲ್ಲರಿಗೂ ಅವಳೇ ಅರ್ಜಿ ಬರೆದುಕೊಟ್ಟವಳು. ಅವಳ ಸ್ವಂತ ಹೆಸರು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಚೇರಿಯ ಜವಾನನೂ ಬಂದವರಿಗೆ “ಹೋಗಿ, ಅರ್ಜಿ ಅಕ್ಕನ ಹತ್ರ ಬರೆಸ್ಕೊಂಡು ಬನ್ನಿ” ಎಂದೇ ಹೇಳುತ್ತಿದ್ದ.

ಅವಳ ಬರಹಕ್ಕೆ ಒಂದು ಗತ್ತಿತ್ತು. “ತಮ್ಮ ದಿವ್ಯ ಸನ್ನಿಧಾನಕ್ಕೆ ಸವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ” ಎಂದು ಶುರುವಾದರೆ ಮೊದಲ ಪೂರ್ಣವಿರಾಮ ಸಿಗುವುದು ಹನ್ನೊಂದನೇ ಸಾಲಿನಲ್ಲಿ. ಬರೆದದ್ದನ್ನು ಅವಳು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಕೇಳುತ್ತಾ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬ ಮುದುಕ, “ಏನು ಹೇಳಿದ್ರಿ ಅಂತ ನನಗೆ ಗೊತ್ತಾಗ್ಲಿಲ್ಲ ತಾಯಿ, ಆದ್ರೆ ಬಹಳ ಚೆನ್ನಾಗಿದೆ” ಎಂದಿದ್ದ. ಆ ಮಾತನ್ನು ಅಕ್ಕ ಪ್ರಶಸ್ತಿಯಂತೆ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಇನ್ನು ಚೀಟಿಯಮ್ಮ. ಅಕ್ಕನ ಮೈದುನನ ಹೆಂಡತಿ, ಅಕ್ಕನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಓದಿದ್ದು ಏಳನೇ ತರಗತಿ. ಇಪ್ಪತ್ನಾಲ್ಕು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದವಳು. ಪ್ರತಿ ರೋಗಿಯ ತಟ್ಟೆಗೂ ಒಂದು ಚೀಟಿ ಅಂಟಿಸುವುದು ಅವಳ ಕೆಲಸ. ದಿನಕ್ಕೆ ಮೂರು ಪಾಳಿ, ಮೂರು ಪಾಳಿಗೂ ಬೇರೆ ಬೇರೆ ಅಡುಗೆಯವರು. ಒಬ್ಬರು ಬರುವಾಗ ಇನ್ನೊಬ್ಬರು ಇರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಬಾಯಿಬಿಟ್ಟು ವಿವರಿಸುವವರು ಯಾರೂ ಇಲ್ಲದ್ದರಿಂದ ಎಲ್ಲವನ್ನೂ ಚೀಟಿಯೇ ಹೇಳಬೇಕಾಗಿತ್ತು. “ಹದಿನಾಲ್ಕನೇ ಹಾಸಿಗೆ. ವಯಸ್ಸಾದವರು, ಹಲ್ಲಿಲ್ಲ. ಅನ್ನ ಮೆತ್ತಗೆ. ಉಪ್ಪು ಬೇಡ. ಉಪ್ಪು ಕೇಳುತ್ತಾರೆ, ಕೊಡಬೇಡಿ. ಬೈಯುತ್ತಾರೆ, ಬೈಸಿಕೊಳ್ಳಿ.” ಇಂಥ ಚೀಟಿ. ಇಬ್ಬರೂ ಸೊಸೆಯಾಗಿ ಬಂದ ಮನೆಯಲ್ಲಿ ಅಕ್ಕನ ಅರ್ಜಿಗಳನ್ನು ಹೊಗಳುತ್ತಿದ್ದ ಬಾಯಿಗಳೇ ಈ ಚೀಟಿಗಳನ್ನು ಕಂಡು ನಗುತ್ತಿದ್ದವು. ಅಕ್ಕ ಎಲ್ಲರಿಗಿಂತ ಒಂದು ಹಿಡಿ ಹೆಚ್ಚೇ ನಗುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳ ಕೊನೆಯ ಎರಡು ವರ್ಷ ಪಥ್ಯದ ಪಟ್ಟಿಯನ್ನು ಎಐ ಕೈಯಲ್ಲಿ ಮಾಡಿಸುವ ಪದ್ಧತಿ ಬಂತು. ಬಿ.ಎಸ್ಸಿ. ಓದಿದವರು ಕೇಳಿದರೆ ಅದು ಸಕ್ಕರೆ ಕಾಯಿಲೆಯವರಿಗೆ ಪಾಯಸ ಬರೆದುಕೊಡುತ್ತಿತ್ತು. ಚೀಟಿಯಮ್ಮ ಕೇಳಿದರೆ ಪಟ್ಟಿ ಸರಿಯಾಗಿ ಬರುತ್ತಿತ್ತು. ಅದು ಹೇಗೆ ಎಂದು ಮೇಲಿನವರು ಕೇಳಿದಾಗ ಅವಳು, “ಹೊಸದಾಗಿ ಬಂದ ಅಡುಗೆಯವನಿಗೆ ಹೇಳೋ ಹಾಗೆ ಹೇಳ್ದೆ ಅಷ್ಟೆ. ಅವನಿಗೂ ನಮ್ಮ ರೋಗಿಗಳು ಗೊತ್ತಿರಲ್ಲ, ಇದಕ್ಕೂ ಗೊತ್ತಿಲ್ಲ” ಎಂದಳಂತೆ.

ಮಂಡಿನೋವು ಜಾಸ್ತಿಯಾಗಿ ಅವಳು ಕೆಲಸ ಬಿಟ್ಟಾಗ ಅಕ್ಕನೇ, “ಮನೇಲಿ ಕೂತು ಏನ್ಮಾಡ್ತೀಯ, ಬಾ, ಜೆರಾಕ್ಸ್ ಮಾಡಿಕೊಂಡಿರು” ಎಂದು ಕರೆದು, ಕೋಣೆಯ ಬಲಗಡೆ ಮೇಜು ಹಾಕಿಸಿ ಕೂರಿಸಿದ್ದಳು. ಅಯ್ಯೋ ಪಾಪ ಎಂದು ಕೂರಿಸಿದ್ದು. ಈಗ ಅದನ್ನು ನೆನೆದರೆ ಅಕ್ಕನಿಗೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಎಲ್ಲ ಶುರುವಾದದ್ದು ಒಂದು ಕರೆಂಟು ಕಂಬದಿಂದ. ಕಂಬ ತನ್ನ ಕಿಟಕಿಗೆ ತಾಗಿಕೊಂಡಿದೆ ಎಂದು ಒಬ್ಬ ಹೆಂಗಸು ಬಂದಿದ್ದಳು. ಅಕ್ಕ ಆ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಚೀಟಿಯಮ್ಮ ಆಕೆಯನ್ನು ಕೂರಿಸಿಕೊಂಡು, ಕಂಬ ಎಷ್ಟು ದೂರದಲ್ಲಿದೆ, ಕಿಟಕಿ ತೆರೆದರೆ ತಂತಿ ಕೈಗೆ ಸಿಗುತ್ತದಾ, ಯಾರಿಗಾದರೂ ಶಾಕ್ ಹೊಡೆದಿದೆಯಾ, ಯಾವತ್ತು, ಎಂದೆಲ್ಲ ಕೇಳಿ, ಅದನ್ನಷ್ಟೂ ಫೋನಿನಲ್ಲಿ ಎಐಗೆ ಹೇಳಿ ಐದು ಸಾಲಿನ ಅರ್ಜಿ ತೆಗೆದುಕೊಟ್ಟಳು. ಒಂಬತ್ತನೇ ದಿನ ಕಂಬ ಜಾಗ ಬದಲಿಸಿತು. ಆ ಹೆಂಗಸಿನ ಬೀದಿಗೆ ಬೀದಿಯೇ ಮರುವಾರ ಬಂದು ಬಲಗಡೆ ಕೂತಿತು.

ಅಂದಿನಿಂದ ಅಕ್ಕನ ದಿನಚರಿ ಬದಲಾಯಿತು. ಬಲಗಡೆ ಎಷ್ಟು ತಲೆ, ಎಡಗಡೆ ಎಷ್ಟು ತಲೆ ಎಂದು ಎಣಿಸುವುದು. ಫ್ಯಾನನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು. ಬಲಗಡೆ ಯಾರಾದರೂ ಮಾತಾಡುವಾಗ ಬೇಕೆಂದೇ ಸ್ಟೇಪ್ಲರ್ ಹೊಡೆಯುವುದು. ತನ್ನ ಹತ್ತಿರ ಬಂದ ಒಬ್ಬಿಬ್ಬರಿಗೆ, “ಅದು ಮಿಷನ್ ಬರೆಯೋದು. ಅದಕ್ಕೆ ಕರುಳು ಅಂತ ಇದೆಯೇನ್ರೀ?” ಎಂದು ಕಿವಿಯಲ್ಲಿ ಹೇಳುವುದು. ಹೇಳಿ, ಚೀಟಿಯಮ್ಮನಿಗೆ ಕೇಳಿಸಿತೇ ಎಂದು ಓರೆಗಣ್ಣಿನಲ್ಲಿ ನೋಡುವುದು. ಚೀಟಿಯಮ್ಮನಿಗೆ ಕೇಳಿಸುತ್ತಿತ್ತು. ಅವಳು ಎದ್ದು ಬಂದು, “ಅಕ್ಕ, ನಿಮಗೂ ಟೀ ತರಿಸ್ಲಾ?” ಎನ್ನುತ್ತಿದ್ದಳು. ಜಗಳಕ್ಕೆ ಬಾರದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂಬುದು ಪಟ್ಟವರಿಗೇ ಗೊತ್ತು.

ಇಷ್ಟಾದರೂ ಅಕ್ಕ ತಡೆದುಕೊಂಡಿದ್ದಳು, ಏಕೆಂದರೆ ಮನೆಗೆ ಹೋದರೆ ಅಲ್ಲಿ ಪುಟ್ಟಿ ಇದ್ದಳು. ಪುಟ್ಟಿ ಮಗಳ ಮಗಳು, ನಾಲ್ಕು ವರ್ಷ. ಮಗಳು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕೆಲಸದ ಊರು ಬಸ್ಸಿನಲ್ಲಿ ಒಂಬತ್ತು ಗಂಟೆ ದೂರ. ಅಳಿಯ ಲಾರಿ ಓಡಿಸುವವನು, ವಾರಕ್ಕೊಂದು ಊರಿನಲ್ಲಿ ಇರುತ್ತಿದ್ದ. ಹಾಗಾಗಿ ಹಾಲು ಬಿಟ್ಟಾಗಿನಿಂದ ಪುಟ್ಟಿ ಅಜ್ಜಿಯ ಮನೆಯಲ್ಲೇ ಬೆಳೆದಳು. ಅವಳು ಅಜ್ಜಿಯನ್ನು ‘ಅಮ್ಮ’ ಎನ್ನುತ್ತಿದ್ದಳು. ಹೆತ್ತವಳನ್ನು ‘ಫೋನಮ್ಮ’ ಎನ್ನುತ್ತಿದ್ದಳು. ಬಂದವರೆಲ್ಲ ಇದನ್ನು ಕೇಳಿ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ದಿನಾ ಬೆಳಗ್ಗೆ ಕೋಣೆಗೆ ಹೊರಡುವ ಮೊದಲು ಪುಟ್ಟಿಯನ್ನು ಎರಡು ಮಂಡಿಗಳ ನಡುವೆ ಕೂರಿಸಿಕೊಂಡು, ಎರಡು ಜಡೆ ಹಾಕಿ, ಕೆಂಪು ರಿಬ್ಬನ್ ಕಟ್ಟುವುದು ಅವಳಿಗೆ ದಿನದ ಅತ್ಯಂತ ಸುಖದ ಹೊತ್ತು.

ಮಗಳು ಈ ಊರಿಗೆ ವರ್ಗ ಕೇಳಿ ಎರಡು ಸಲ ಅರ್ಜಿ ಹಾಕಿದ್ದಳು. ಎರಡನ್ನೂ ಬರೆದವಳು ಅಕ್ಕ. ಮೊದಲನೆಯದಕ್ಕೆ ಉತ್ತರವೇ ಬರಲಿಲ್ಲ. ಎರಡನೆಯದಕ್ಕೆ “ಕಾರಣ ಸ್ಪಷ್ಟವಾಗಿಲ್ಲ” ಎಂಬ ಒಂದು ಸಾಲು ಬಂತು. “ಆ ಕಡೆ ಕೂತಿರೋರಿಗೆ ಭಾಷೆ ಬರಲ್ಲ” ಎಂದು ಅಕ್ಕ ಮೂಗು ಮುರಿದು ಆ ಕಾಗದವನ್ನು ಡ್ರಾಯರಿನ ತಳಕ್ಕೆ ತಳ್ಳಿದ್ದಳು.

ಈ ಸಲ ಮೂರನೆಯದು, ಕೊನೆಯದು. ಸೋಮವಾರ ಸಂಜೆಯೊಳಗೆ ಕಳಿಸಬೇಕು. ತಪ್ಪಿದರೆ ಇನ್ನು ಮೂರು ವರ್ಷ ಆ ಇಲಾಖೆ ವರ್ಗಾವಣೆಯ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅಷ್ಟರಲ್ಲಿ ಪುಟ್ಟಿಗೆ ಏಳಾಗುತ್ತದೆ. ಶನಿವಾರ ಮಧ್ಯಾಹ್ನ ಮಗಳು ಫೋನು ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಮೆತ್ತಗೆ ಹೇಳಿದಳು.

“ಅಮ್ಮ, ಬೇಜಾರು ಮಾಡ್ಕೋಬೇಡ. ಈ ಸಲ ಚಿಕ್ಕಮ್ಮನ ಹತ್ರ ಬರೆಸೋಣ ಅಂತ.”

ಅಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಬೀದಿಯವರು ಬಲಗಡೆ ಹೋದರೆ ಹೋಗಲಿ, ಅವರೇನು ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಇವಳು?

“ನಾನೇನು ಸತ್ತುಹೋಗಿದೀನಾ?” ಎಂದಳು.

“ಅಮ್ಮ, ಹಾಗಲ್ಲ. ಚಿಕ್ಕಮ್ಮ ಎಐನಲ್ಲಿ ಬರೆಸ್ತಾರಲ್ಲ, ಅದು ಕೆಲಸ ಆಗ್ತಿದೆ ಅಂತ ಎಲ್ರೂ ಹೇಳ್ತಾರೆ.”

“ಅವಳೊಬ್ಬಳಿಗೇ ಬರೋದಾ ಅದು? ನಾನೂ ಅದರಲ್ಲೇ ಬರೆಸ್ತೀನಿ. ಸೋಮವಾರ ಬೆಳಗ್ಗೆ ನಿನ್ನ ಕೈಗೆ ಬರುತ್ತೆ. ಅವಳ ಹತ್ರ ಒಂದು ಮಾತು ಆಡಿದ್ರೂ ನನ್ನಾಣೆ.”

ಫೋನಿಟ್ಟ ಮೇಲೆ, ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಅಕ್ಕನ ಯಜಮಾನರು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು, “ನಿನಗೆ ಆ ಎಐ ಬರುತ್ತಾ?” ಎಂದರು.

“ಏಳನೇ ಕ್ಲಾಸಿನವಳಿಗೆ ಬರೋದು ನನಗೆ ಬರಲ್ವಾ?”

ಯಜಮಾನರು ಮೂವತ್ತೈದು ವರ್ಷ ಸಂಸಾರ ಮಾಡಿದವರು. ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಏರಿಸಿಕೊಂಡು ಗಡಿಯಾರದೊಳಗೆ ಹೊಕ್ಕುಬಿಟ್ಟರು.

ಭಾನುವಾರ ಊಟವಾದ ಮೇಲೆ ಅಕ್ಕ ಬೀಗದ ಕೈ ತೆಗೆದುಕೊಂಡು ಹೊರಟಳು. ಬೀದಿ ಖಾಲಿ. ದೊಡ್ಡ ಕಚೇರಿಯ ಗೇಟಿನಲ್ಲಿ ನಾಯಿಯೊಂದು ಅಧಿಕಾರಿಯಂತೆ ಮಲಗಿತ್ತು. ಕೋಣೆಯ ಶಟರನ್ನು ಅರ್ಧ ಎತ್ತಿ, ಒಳಗೆ ನುಸುಳಿ, ಕಂಪ್ಯೂಟರಿನಲ್ಲಿ ಚೀಟಿಯಮ್ಮ ದಿನಾ ತೆರೆಯುವ ಆ ಪುಟವನ್ನು ತೆರೆದಳು. ಖಾಲಿ ಪೆಟ್ಟಿಗೆಯೊಂದು ಕಾಣಿಸಿತು. ಅದರಲ್ಲಿ ಗೀಟು ಮಿಣುಕುತ್ತಿತ್ತು. ಎಷ್ಟೆಂದರೂ ಕೇಳಿಕೊಳ್ಳುವ ಕೆಲಸ. ಕೇಳಿಕೊಳ್ಳುವುದರಲ್ಲಿ ತಾನು ಎತ್ತಿದ ಕೈ. ಬೆರಳ ನೆಟಿಕೆ ಮುರಿದು ಶುರುಮಾಡಿದಳು.

“ಮಾನ್ಯ ಎಐ ಅವರ ದಿವ್ಯ ಸನ್ನಿಧಾನಕ್ಕೆ ಸವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಏಕಮಾತ್ರ ಸುಪುತ್ರಿಯು ದೂರದ ಊರಿನಲ್ಲಿ ಸೇವೆ ಸಲ್ಲಿಸುತ್ತಾ, ಕೌಟುಂಬಿಕ ಸಂಕಷ್ಟಗಳ ಸುಳಿಯಲ್ಲಿ ಸಿಲುಕಿ ಬಳಲುತ್ತಿದ್ದು, ತಾವು ದಯಾರ್ದ್ರ ಹೃದಯದಿಂದ ಪರಿಶೀಲಿಸಿ, ವರ್ಗಾವಣೆಯ ವಿಷಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೈಮುಗಿದು ಪ್ರಾರ್ಥಿಸುತ್ತೇನೆ.”

ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

“ಮಾನ್ಯರೇ, ತಮ್ಮ ಮನವಿಯನ್ನು ಸ್ವೀಕರಿಸಲಾಗಿದೆ. ತಮ್ಮ ಕುಟುಂಬದ ಸಂಕಷ್ಟದ ಬಗ್ಗೆ ನಮಗೆ ಸಹಾನುಭೂತಿ ಇದೆ. ಸದರಿ ವಿಷಯವನ್ನು ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಇಪ್ಪತ್ತೊಂಬತ್ತು ವರ್ಷದಿಂದ ಎದುರಿನ ಕಚೇರಿಯಿಂದ ಇದೇ ಉತ್ತರ ನೋಡಿ ನೋಡಿ ಸಾಕಾಗಿದ್ದವಳು ಅಕ್ಕ. ಈಗ ಇದೂ ಅದೇ ರಾಗ ತೆಗೆಯಿತು. “ಎಲ್ಲಾ ಕಡೆ ನೀವೇ ಕೂತಿದೀರೇನ್ರೋ!” ಎಂದು ಪರದೆಗೆ ಬೈದಳು. ಅರ್ಜಿ ಬರೆಯುವವಳು ಅರ್ಜಿಯನ್ನೇ ಹಾಕಿದ್ದಳು, ಅದು ತನ್ನನ್ನು ಅಧಿಕಾರಿ ಎಂದುಕೊಂಡಿತು. ಅದರ ತಪ್ಪು ಏನಿತ್ತು ಎಂದು ಕೇಳಿದರೆ ಆ ಹೊತ್ತಿನಲ್ಲಿ ಅಕ್ಕ ನಮ್ಮನ್ನೂ ಬೈಯುತ್ತಿದ್ದಳು.

ಸಿಟ್ಟು ನುಂಗಿಕೊಂಡು ಇನ್ನೊಮ್ಮೆ ಬರೆದಳು. “ನನ್ನ ಮಗಳಿಗೆ ವರ್ಗಾವಣೆ ಅರ್ಜಿ ಬರೆದುಕೊಡು. ಕಲ್ಲೂ ಕರಗಬೇಕು.”

ಕಲ್ಲು ಕರಗುವಂಥದ್ದೇ ಬಂತು. ಒಂದೂವರೆ ಪುಟ. ಓದುತ್ತಾ ಅಕ್ಕ ತಲೆದೂಗಿದಳು. ಮೂರನೇ ಸಾಲಿನಲ್ಲಿ ಯಜಮಾನರು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಆರನೇ ಸಾಲಿನಲ್ಲಿ ಮನೆಯ ಮಾಡು ಕುಸಿದಿತ್ತು. ಕೊನೆಯಲ್ಲಿ ಸ್ವತಃ ಅಕ್ಕನಿಗೇ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಯಜಮಾನರು ಅರ್ಧ ಗಂಟೆ ಹಿಂದಷ್ಟೆ ಎರಡು ಸಲ ಬಡಿಸಿಕೊಂಡು ಉಂಡು, ಇನ್ನೂ ಇದೆಯಾ ಎಂದು ಪಾತ್ರೆಯೊಳಗೆ ಇಣುಕಿದ್ದವರು. ವಿಚಾರಣೆಗೆ ಒಬ್ಬ ಬಂದು ನೋಡಿದರೆ ಮಗಳ ನೌಕರಿಗೇ ಸಂಚಕಾರ.

ಆದರೆ ಅಕ್ಕನನ್ನು ಚುಚ್ಚಿದ್ದು ಸುಳ್ಳುಗಳಲ್ಲ. ಭಾಷೆ. ಸಂಕಷ್ಟದ ಸುಳಿ, ದಯಾರ್ದ್ರ ಹೃದಯ, ಹನ್ನೊಂದು ಸಾಲಿನ ವಾಕ್ಯ. ಅವಳು ಬರೆಯುವ ಹಾಗೆಯೇ ಅದು ಬರೆದಿತ್ತು. ಅವಳು ಎರಡು ಗಂಟೆ ತೆಗೆದುಕೊಳ್ಳುವುದನ್ನು ಅದು ಎರಡು ಉಸಿರಿನಲ್ಲಿ ಮುಗಿಸಿತ್ತು. ಚೀಟಿಯಮ್ಮನ ಮೇಲಿನ ಹೊಟ್ಟೆಕಿಚ್ಚು ಸಾಲದೆಂದು ಈಗ ಒಂದು ಪರದೆಯ ಮೇಲೂ ಹೊಟ್ಟೆಕಿಚ್ಚಾಯಿತು.

ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದಳು. ಬಲಗಡೆಯ ಮೇಜಿಗೆ ಡ್ರಾಯರಿತ್ತು. ಅದಕ್ಕೆ ಬೀಗ ಇರಲಿಲ್ಲ. ಬೀಗ ಹಾಕಿದ್ದರೆ ಅಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು, ನನ್ನ ಮೇಲೆ ಇವಳಿಗೆ ನಂಬಿಕೆಯಿಲ್ಲ ಎಂದು ದೂರಬಹುದಿತ್ತು. ಒಳಗೆ ಆಸ್ಪತ್ರೆಯ ಕಾಲದ ಉದ್ದನೆಯ ನೋಟುಬುಕ್ಕು, ಪುಟಗಳ ನಡುವೆ ಗುರುತಿಗೆ ಒಂದು ದಾರ. ಬಾಗಿಲ ಕಡೆ ಒಮ್ಮೆ ನೋಡಿ ಅಕ್ಕ ತೆರೆದೇಬಿಟ್ಟಳು.

ಚೀಟಿಯಮ್ಮನ ದಪ್ಪ ಅಕ್ಷರ. ಮೇಲೆ ‘ಎಲ್ಲಾ ಅರ್ಜಿಗೂ ಮೊದಲು ಇದನ್ನು ಹಾಕುವುದು’ ಎಂದಿತ್ತು. ಕೆಳಗೆ ಅದೇ ಹದಿನಾಲ್ಕನೇ ಹಾಸಿಗೆಯ ಧಾಟಿ.

“ನೀನು ಅರ್ಜಿ ಬರೆದುಕೊಡುವವನು. ಓದುವವರು ಕಚೇರಿಯವರು, ದಿನಕ್ಕೆ ನೂರು ಓದುತ್ತಾರೆ, ಸುಸ್ತಾಗಿರುತ್ತಾರೆ. ಎಂಟು ಸಾಲು ಮೀರಬೇಡ. ಏನು ಬೇಕು ಅನ್ನುವುದು ಮೊದಲ ಸಾಲಿನಲ್ಲೇ ಇರಲಿ. ನಾನು ಹೇಳದ್ದನ್ನು ಸೇರಿಸಬೇಡ. ಇಲ್ಲದ ಕಾಯಿಲೆ ಹಚ್ಚಬೇಡ. ಬರೆಯುವ ಮೊದಲು ನನ್ನನ್ನು ಐದು ಪ್ರಶ್ನೆ ಕೇಳು. ನಾನು ಹೇಳದೆ ಬಿಟ್ಟಿರುತ್ತೇನಲ್ಲ, ಅದನ್ನು ಕೇಳು. ಭಾಷೆ ಹೇಗಿರಬೇಕು ಅಂದರೆ, ಈ ಕೆಳಗಿನ ಅರ್ಜಿಯ ಹಾಗೆ.”

ಕೆಳಗೆ ಹಳದಿ ಬಣ್ಣಕ್ಕೆ ತಿರುಗಿದ ಒಂದು ಕಾರ್ಬನ್ ಪ್ರತಿಯನ್ನು ಅಂಟಿಸಿದ್ದಳು. ಟೈಪ್‌ರೈಟರಿನ ಅಕ್ಷರ. ‘ರ’ ಅಕ್ಷರದ ತಲೆಕಟ್ಟು ಮುರಿದಿತ್ತು. ಅಕ್ಕನಿಗೆ ಆ ಮುರಿದ ತಲೆಕಟ್ಟಿನ ಗುರುತು ಹತ್ತಿತು. ಅದು ಅವಳ ಮೊದಲ ಟೈಪ್‌ರೈಟರು.

“ಮಾನ್ಯರೇ, ನಿಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ನನಗೆ ಕೆಲಸ ಬೇಕು. ನಾನು ಓದಿರುವುದು ಏಳನೇ ತರಗತಿ. ಮನೆಯಲ್ಲಿ ದಿನಾ ಹನ್ನೊಂದು ಜನಕ್ಕೆ ಅಡುಗೆ ಮಾಡುತ್ತೇನೆ. ಅತ್ತೆಗೆ ಸಕ್ಕರೆ ಕಾಯಿಲೆ, ಮಾವನಿಗೆ ಹಲ್ಲಿಲ್ಲ, ಓರಗಿತ್ತಿಯ ಮಗುವಿಗೆ ಹಾಲು ಆಗುವುದಿಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನವೂ ಒಬ್ಬರ ತಟ್ಟೆ ಇನ್ನೊಬ್ಬರಿಗೆ ಹೋಗಿಲ್ಲ. ಒಂದು ವಾರ ಕೆಲಸ ಕೊಟ್ಟು ನೋಡಿ.”

ಇಪ್ಪತ್ತಾರು ವರ್ಷದ ಹಿಂದೆ ಅಕ್ಕ ತಾನೇ ಓರಗಿತ್ತಿಗೆ ಬರೆದುಕೊಟ್ಟ ಅರ್ಜಿ. ಮರೆತೇಹೋಗಿತ್ತು. ಆ ಅರ್ಜಿಗೆ ಮೂರನೇ ದಿನವೇ ಕೆಲಸ ಸಿಕ್ಕಿತ್ತು.

ಅಕ್ಕನಿಗೆ ಮೊದಲು ಬಂದದ್ದು ನಗು, ಅದೂ ಗೆದ್ದವರ ನಗು. “ಅಯ್ಯೋ ಕಳ್ಳಿ! ಇದು ನನ್ನದು!” ಎಂದು ಮೇಜು ಕುಟ್ಟಿದಳು. ಊರಿಗೆಲ್ಲ ಇವಳು ಬಡಿಸುತ್ತಿರುವುದು ನನ್ನ ಅಡುಗೆ! ನಾಳೆ ಹತ್ತೂವರೆಗೆ ಎಲ್ಲರೆದುರಿಗೆ ಈ ಪುಟವನ್ನು ಎತ್ತಿ ತೋರಿಸಬೇಕು, ಬೀದಿಯವರ ಮುಖ ಹೇಗಾಗುತ್ತದೋ ನೋಡಬೇಕು ಎಂದುಕೊಂಡಳು.

ಅಂದುಕೊಂಡು ಇನ್ನೊಮ್ಮೆ ಓದಿದಳು. ಮೂರನೇ ಸಲ ಓದುವಾಗ ನಗು ಇಳಿದಿತ್ತು. ಇದನ್ನು ಬರೆದವಳು ಯಾರು? ಹನ್ನೊಂದು ಜನ ಎಂದು ಎಣಿಸಿದವಳು, ಹಾಲು ಆಗದ ಮಗುವನ್ನು ನೆನಪಿಟ್ಟವಳು, ಅಷ್ಟು ಹೇಳಿ ಬಾಯಿ ಮುಚ್ಚಿದವಳು. ಆವತ್ತು ಕತ್ತಲೆ ಅಡುಗೆಮನೆಯಲ್ಲಿ ಓರಗಿತ್ತಿಯನ್ನು ಎದುರಿಗೆ ಕೂರಿಸಿಕೊಂಡು, ಯಾರಿಗೆ ಏನು ಆಗುವುದಿಲ್ಲ, ಯಾರ ತಟ್ಟೆ ಯಾವುದು, ಎಂದು ಕೇಳಿ ಕೇಳಿ ಬರೆದದ್ದು ನೆನಪಾಯಿತು. ಆಮೇಲೆ ಯಾವಾಗಲೋ ಜನ ಹೊಗಳಿದರು. ಹೊಗಳಿದಷ್ಟೂ ವಾಕ್ಯ ಉದ್ದವಾಯಿತು, ಕೇಳುವುದು ಕಡಿಮೆಯಾಯಿತು. ಈಗ ಎಡಗಡೆಯ ಮೇಜಿನಲ್ಲಿ ಕೂರುವವಳಿಗೆ ಈ ಆರು ಸಾಲು ಬರೆಯಲು ಬರುವುದಿಲ್ಲ. ಚೀಟಿಯಮ್ಮನ ಮೇಲೆ ಪಟ್ಟದ್ದು, ಪರದೆಯ ಮೇಲೆ ಪಟ್ಟದ್ದು, ಯಾವುದೂ ಇದರ ಮುಂದೆ ಏನೂ ಅಲ್ಲ. ತನ್ನದೇ ಹಳೆಯ ಕೈಯನ್ನು ಕಂಡು ಅವಳಿಗೆ ಹೊಟ್ಟೆ ಉರಿದುಹೋಯಿತು.

ಕುರ್ಚಿಯನ್ನು ಎಳೆದುಕೊಂಡು, ನೋಟುಬುಕ್ಕನ್ನು ಪಕ್ಕಕ್ಕಿಟ್ಟು, ಅದರಲ್ಲಿದ್ದದ್ದನ್ನು ಒಂದು ಅಕ್ಷರ ಬಿಡದೆ ಟೈಪು ಮಾಡಿದಳು. ಹಳೆಯ ಅರ್ಜಿಯನ್ನೂ ಸೇರಿಸಿದಳು. ಕೊನೆಗೆ, “ನನ್ನ ಮಗಳಿಗೆ ಈ ಊರಿನ ಆಸ್ಪತ್ರೆಗೆ ವರ್ಗ ಬೇಕು. ಅವಳು ರಕ್ತ ಪರೀಕ್ಷೆ ಮಾಡುವವಳು” ಎಂದು ಬರೆದು ಒತ್ತಿದಳು.

ಈ ಸಲ ಅದು ಸಹಾನುಭೂತಿ ತೋರಿಸಲಿಲ್ಲ. ಒಂದಾದ ಮೇಲೊಂದು ಐದು ಪ್ರಶ್ನೆ ಕೇಳಿತು. ಮಗಳು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಈ ಊರಿನಲ್ಲಿ ಆ ಹುದ್ದೆ ಖಾಲಿ ಇದೆಯೇ? ಹಿಂದೆ ಕೇಳಿದಾಗ ಏನು ಉತ್ತರ ಬಂತು? ಅಕ್ಕ ಟಕಟಕನೆ ಉತ್ತರಿಸುತ್ತಾ ಹೋದಳು. ಐದು ವರ್ಷ. ಎರಡು ಹುದ್ದೆ ಖಾಲಿ. ಕಾರಣ ಸ್ಪಷ್ಟವಾಗಿಲ್ಲ ಎಂದರು.

ನಾಲ್ಕನೆಯದು ಹೀಗಿತ್ತು. “ಈ ಊರಿಗೇ ಏಕೆ? ಇಲ್ಲಿ ಯಾರಿದ್ದಾರೆ?”

“ಅವಳ ಮಗು ಇದೆ, ನಾಲ್ಕು ವರ್ಷ. ನಮ್ಮ ಹತ್ತಿರ ಬೆಳೆಯುತ್ತಿದೆ” ಎಂದು ಬೆರಳುಗಳು ತಾವಾಗಿ ಬರೆದವು. ಬರೆದ ಮೇಲೆ ಅಕ್ಕ ಆ ಸಾಲನ್ನು ದಿಟ್ಟಿಸಿದಳು. ಎದ್ದುಹೋಗಿ ತನ್ನ ಡ್ರಾಯರಿನ ತಳದಿಂದ ಹಳೆಯ ಎರಡು ಅರ್ಜಿಗಳನ್ನು ತೆಗೆದು ಓದಿದಳು. ‘ಕೌಟುಂಬಿಕ ಸಂಕಷ್ಟ’ ಏಳು ಸಲ ಬಂದಿತ್ತು. ಪುಟ್ಟಿ ಒಂದು ಸಲವೂ ಬಂದಿರಲಿಲ್ಲ. ಅಷ್ಟು ಉದ್ದದ ಎರಡು ಅರ್ಜಿಗಳಲ್ಲಿ ಒಂದು ಮಗುವಿಗೆ ಜಾಗ ಸಿಕ್ಕಿರಲಿಲ್ಲ.

ಐದನೆಯ ಪ್ರಶ್ನೆ ಪರದೆಯ ಮೇಲೆ ಕಾಯುತ್ತಿತ್ತು. “ವರ್ಗಾವಣೆ ಸಿಕ್ಕರೆ ಮಗುವಿನ ಬದುಕಿನಲ್ಲಿ ಏನು ಬದಲಾಗುತ್ತದೆ?”

ಅಕ್ಕ ಎದ್ದು ನೀರು ಕುಡಿದಳು. ಮೇಜು ಒರೆಸಿದಳು. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಮಿಷನ್ನಿಗೆ ಕರುಳಿಲ್ಲ ಎಂದು ಊರಿಗೆಲ್ಲ ಹೇಳಿದವಳು ಅವಳು. ಅದು ನಿಜ, ಅದಕ್ಕೆ ಕರುಳಿರಲಿಲ್ಲ. ಅದಕ್ಕೇ ಇಂಥದ್ದನ್ನು ಅಷ್ಟು ಸಲೀಸಾಗಿ ಕೇಳಿತು. ಮನೆಯಲ್ಲಿ ಯಾರೂ, ಯಜಮಾನರು ಕೂಡ, ಇದನ್ನು ಅವಳ ಮುಖಕ್ಕೆ ಕೇಳಿರಲಿಲ್ಲ.

ಬದಲಾಗುವುದೇನು? ಪುಟ್ಟಿ ಬೇರೆಯವರ ಮಂಡಿಗಳ ನಡುವೆ ಕೂರುತ್ತಾಳೆ. ಜ್ವರ ಬಂದರೆ ಬೇರೆಯವರನ್ನು ಕರೆಯುತ್ತಾಳೆ. ‘ಅಮ್ಮ’ ಎಂದು ಕೂಗಿದಾಗ ತಾನು ತಿರುಗಬಾರದು. ಅಕ್ಕನಿಗೆ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮೇಲೇ ಹೊಟ್ಟೆಕಿಚ್ಚಿತ್ತು. ಪುಟ್ಟಿ ಮನೆಗೆ ಬಂದಾಗಿನಿಂದ ಇತ್ತು. ಕಾರಣ ಸ್ಪಷ್ಟವಾಗಿಲ್ಲ ಎಂದು ಬರೆದ ಯಾರೋ ಅಧಿಕಾರಿಗೆ ಭಾಷೆ ಚೆನ್ನಾಗಿಯೇ ಬರುತ್ತಿತ್ತು. ಅರ್ಜಿ ಬರೆದವಳಿಗೇ ವರ್ಗ ಸಿಗುವುದು ಬೇಕಿರಲಿಲ್ಲ.

ಏನೂ ಇಲ್ಲ ಎಂದು ಬರೆಯಬಹುದಿತ್ತು. ‘ಮಗುವಿಗೆ ಅನುಕೂಲವಾಗುತ್ತದೆ’ ಎಂದು ತೇಲಿಸಬಹುದಿತ್ತು. ಅದೂ ಅಷ್ಟನ್ನೇ ಇಟ್ಟುಕೊಂಡು ಒಂದು ಅರ್ಜಿ ಬರೆದುಕೊಡುತ್ತಿತ್ತು, ಕಚೇರಿಯವರು ತಿರುಗಿಸಿ ಕಳಿಸುತ್ತಿದ್ದರು, ಪುಟ್ಟಿ ಏಳು ವರ್ಷದವರೆಗೆ ಅಜ್ಜಿಯ ಮಂಡಿಯ ನಡುವೆಯೇ ಕೂರುತ್ತಿದ್ದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನ ಬೆರಳು ಆ ಸಾಲಿನ ಮೊದಲ ಅಕ್ಷರದ ಮೇಲೆ ಹೋಗಿ ಕೂತಿತ್ತು ಕೂಡ. ಅಷ್ಟರಲ್ಲಿ ಪಕ್ಕದ ಹಳದಿ ಹಾಳೆ ಕಣ್ಣಿಗೆ ಬಿತ್ತು. ಅದನ್ನು ಬರೆದವಳು ಹೀಗೆ ತೇಲಿಸುತ್ತಿರಲಿಲ್ಲ. ಅವಳ ಎದುರಿಗೆ ಸೋಲಲು ಅಕ್ಕನಿಗೆ ಮನಸ್ಸಾಗಲಿಲ್ಲ.

“ಈಗ ಅವಳು ನನ್ನನ್ನು ಅಮ್ಮ ಎನ್ನುತ್ತಾಳೆ” ಎಂದು ಬರೆದಳು. “ಹೆತ್ತವಳನ್ನು ಫೋನಮ್ಮ ಎನ್ನುತ್ತಾಳೆ. ಮಗಳು ಬಂದರೆ ಅವಳು ಅಮ್ಮನಾಗುತ್ತಾಳೆ, ನಾನು ಅಜ್ಜಿಯಾಗುತ್ತೇನೆ.”

ಒತ್ತುವ ಮೊದಲು ಕಣ್ಣು ಮಂಜಾಯಿತು. ಒತ್ತಿದಳು.

ಸೋಮವಾರ ಬೆಳಗ್ಗೆ ಚೀಟಿಯಮ್ಮ ಕುಂಟುತ್ತಾ ಬಂದು ಕೂತಾಗ ಅವಳ ಮೇಜಿನ ಮೇಲೆ ಒಂದು ಹಾಳೆ ಇತ್ತು. ಮಗಳ ಮಾತಾಗಿ ಬರೆದ ಅರ್ಜಿ, ಏಳು ಸಾಲು. ಮಗಳ ಫೋನಿಗೆ ಅದು ಆಗಲೇ ಹೋಗಿತ್ತು. ಮೊದಲ ಸಾಲಿನಲ್ಲಿ ಏನು ಬೇಕು ಎಂಬುದು. ಕೊನೆಯಲ್ಲಿ, “ನನ್ನ ನಾಲ್ಕು ವರ್ಷದ ಮಗಳು ತನ್ನ ಅಜ್ಜಿಯನ್ನು ಅಮ್ಮ ಎಂದೂ, ನನ್ನನ್ನು ಫೋನಮ್ಮ ಎಂದೂ ಕರೆಯುತ್ತಾಳೆ. ಇದು ಬದಲಾಗಬೇಕೆಂದು ಕೇಳುತ್ತಿದ್ದೇನೆ.” ಚೀಟಿಯಮ್ಮ ಓದಿದಳು. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದಳು.

“ಅಕ್ಕ, ಇದು ನಿಮ್ಮ ಬರವಣಿಗೆ” ಎಂದಳು.

“ನಿನ್ನ ನೋಟುಬುಕ್ಕು ಕದ್ದು ಓದಿದೆ.”

“ದಾರ ಬೇರೆ ಪುಟದಲ್ಲಿತ್ತು, ನೋಡಿದೆ. ಕೇಳಿದ್ರೆ ನಾನೇ ಕೊಡ್ತಿದ್ದೆ.”

“ಕೇಳೋದಕ್ಕೆ ಹೊಟ್ಟೆಕಿಚ್ಚು ಬಿಡಬೇಕಲ್ಲೇ” ಎಂದು ಅಕ್ಕ ಮುಖ ಆ ಕಡೆ ತಿರುಗಿಸಿದಳು. “ಬಿಟ್ಟಿಲ್ಲ. ಸುಳ್ಳು ಯಾಕೆ ಹೇಳ್ಲಿ.”

ಚೀಟಿಯಮ್ಮ ನಕ್ಕು ಫ್ಯಾನನ್ನು ಎಡಗಡೆಗೆ ತಿರುಗಿಸಿದಳು. ಹತ್ತೂವರೆಗೆ ಜನ ಬಂದು ಬಲಗಡೆಗೇ ಹೋದರು. ಅಕ್ಕ ತಲೆ ಎಣಿಸಿದಳು. ಎಣಿಸಿ ಮುಗಿಸಿ, ತನ್ನ ಪಾಲಿಗೆ ಬಂದ ಒಬ್ಬನೇ ಒಬ್ಬ ಗಿರಾಕಿಯನ್ನು ಕೂರಿಸಿ, ಕೀಲಿಮಣೆ ಮುಟ್ಟದೆ, “ಮೊದಲು ಹೇಳಿ, ಮನೇಲಿ ಎಷ್ಟು ಜನ?” ಎಂದು ಕೇಳಿದಳು.

ಎರಡು ತಿಂಗಳಿಗೆ ಆದೇಶ ಬಂತು. ಅದಾಗಿ ಹದಿನೈದು ದಿನಕ್ಕೆ ಮಗಳು ಎರಡು ಟ್ರಂಕು, ಒಂದು ಹಾಸಿಗೆ ಸುರುಳಿಯೊಂದಿಗೆ ಬಂದಿಳಿದಳು. ಮೊದಲ ವಾರ ಪುಟ್ಟಿ ಫೋನಮ್ಮನನ್ನು ನೆಂಟರಂತೆ ದೂರದಿಂದಲೇ ನೋಡಿದಳು. ಅಕ್ಕ ಅದನ್ನು ನೋಡಿ ಒಳಗೊಳಗೇ ಹಿಗ್ಗಿದಳು, ಹಿಗ್ಗಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು, ಮತ್ತೆ ಹಿಗ್ಗಿದಳು. ಎರಡನೇ ವಾರ ಅವರಿಬ್ಬರೂ ಸೇರಿ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕಿದರು. ಮೂರನೇ ವಾರ ಯಾವುದಕ್ಕೋ ಇಬ್ಬರೂ ಜೋರಾಗಿ ನಗುವುದು ಅಡುಗೆಮನೆಗೆ ಕೇಳಿಸಿತು.

ನಾಲ್ಕನೇ ವಾರದ ಒಂದು ಬೆಳಗ್ಗೆ ಅಕ್ಕ ಎಂದಿನಂತೆ ಬಾಚಣಿಗೆ ಹಿಡಿದು ಚಾಪೆಯ ಮೇಲೆ ಕೂತಳು. ಪುಟ್ಟಿ ರಿಬ್ಬನ್ ತೆಗೆದುಕೊಂಡು ಓಡಿಬಂದಳು. ಬಂದವಳು ಅಕ್ಕನನ್ನು ದಾಟಿಕೊಂಡು ಹೋಗಿ ಕಿಟಕಿಯ ಹತ್ತಿರ ಕೂತಿದ್ದ ಮಗಳ ಮಂಡಿಗಳ ನಡುವೆ ಕೂತುಬಿಟ್ಟಳು.

“ಅಮ್ಮ, ಜಡೆ ಹಾಕು” ಎಂದಳು.

ಅಕ್ಕ ತಿರುಗಿದಳು. ಮಗಳೂ ತಿರುಗಿ ಅವಳನ್ನು ನೋಡಿದಳು. ಪುಟ್ಟಿಗೆ ಇಬ್ಬರ ಗೊಡವೆಯೂ ಇರಲಿಲ್ಲ. ಕೈಯಲ್ಲಿದ್ದ ಕೆಂಪು ರಿಬ್ಬನನ್ನು ಈ ಕಡೆ ಚಾಚಿದಳು.

“ಅಜ್ಜಿ, ನೀನು ಇದನ್ನ ಹಿಡ್ಕೋ.”

ಮಗಳಿಗೆ ಬೈತಲೆ ನೇರವಾಗಿ ತೆಗೆಯಲು ಬರುತ್ತಿರಲಿಲ್ಲ. ಎಡಗಡೆಯ ಜಡೆ ದಪ್ಪ, ಬಲಗಡೆಯದು ಸಣಕಲು ಆಗುತ್ತಿತ್ತು. ಹೇಳಬೇಕೆಂದು ಅಕ್ಕನ ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು. ಹೊಟ್ಟೆಕಿಚ್ಚು ಎಲ್ಲಿತ್ತೋ ಅಲ್ಲೇ ಇತ್ತು. ಅವಳು ಮಗಳ ಪಕ್ಕಕ್ಕೆ ಸರಿದು ಕೂತು, ಜಡೆ ಮುಗಿಯುವವರೆಗೂ ರಿಬ್ಬನ್ ಹಿಡಿದುಕೊಂಡಿದ್ದಳು.